ಚೆಕ್ಕಿನ ಅಡಿಯ ಅಂಕೆಗಳ ಸಾಲು: ಓದುವುದು ಹೇಗೆ, ಕಾಪಾಡುವುದು ಹೇಗೆ



ಹಾಲಿನ ಹಣ, ಕಬ್ಬಿನ ಹಣ, ಸರ್ಕಾರದ ಸಹಾಯಧನ ಇವು ಈಗ ಬಹುಮಟ್ಟಿಗೆ ನೇರವಾಗಿ ಖಾತೆಗೇ ಬಂದು ಬೀಳುತ್ತವೆ. ಆದರೂ ಚೆಕ್ಕು ನಮ್ಮ ಹಳ್ಳಿಗಳಿಂದ ಹೋಗಿಲ್ಲ. ಅನೇಕ ಸಂಘಗಳು ಕೂಲಿಯನ್ನೂ ಸಂಬಳವನ್ನೂ ಚೆಕ್ಕಿನ ಮೂಲಕ ಕೊಡುತ್ತವೆ. ಭೂಮಿಯ ವ್ಯವಹಾರ, ದನದ ವ್ಯಾಪಾರ, ಗೊಬ್ಬರದ ಅಂಗಡಿಯ ಬಾಕಿ, ಇವುಗಳಲ್ಲೂ ಚೆಕ್ಕು ಕೈಯಿಂದ ಕೈಗೆ ಹೋಗುತ್ತಲೇ ಇದೆ.

ಚೆಕ್ಕು ಕೈಗೆ ಬಂದೊಡನೆ ನಾವು ನೋಡುವುದು ಮೂರನ್ನು: ಹೆಸರು, ಮೊತ್ತ, ರುಜು. ಆದರೆ ಅದೇ ಕಾಗದದ ತೀರ ಅಡಿಯಲ್ಲಿ ವಿಚಿತ್ರವಾದ ದಪ್ಪ ಅಂಕೆಗಳ ಒಂದು ಸಾಲಿದೆ. ಅದನ್ನು ನಾವು ಓದುವುದಿಲ್ಲ, ಯಂತ್ರ ಓದುತ್ತದೆ. ಯಂತ್ರ ಅದನ್ನು ತಪ್ಪಿಲ್ಲದೆ ಓದಿದರೆ ಹಣ ಬೇಗ ಬರುತ್ತದೆ. ಓದಲಾಗದಿದ್ದರೆ ಚೆಕ್ಕು ತಡವಾಗಬಹುದು, ಹಿಂದಕ್ಕೂ ಬರಬಹುದು. ಶನಿವಾರದ ಸಂತೆಗೆ ಕೂಲಿ ಹಣವನ್ನೇ ನಂಬಿದ ಮನೆಗೆ ನಾಲ್ಕು ದಿನದ ತಡವೂ ದೊಡ್ಡ ಪೆಟ್ಟು. ಆದ್ದರಿಂದ ಈ ಸಾಲಿನ ವಿಚಾರವನ್ನು ಹಂತಹಂತವಾಗಿ ತಿಳಿಯೋಣ. ಈ ಪಾಠವನ್ನು ಓದುವಾಗ ಒಂದು ಚೆಕ್ಕು ಪುಸ್ತಕವನ್ನು ಎದುರಿಗಿಟ್ಟುಕೊಂಡರೆ ಒಳ್ಳೆಯದು.

1. ಈ ಸಾಲು ಹುಟ್ಟಿದ್ದು ಹೇಗೆ?

1950ರ ದಶಕದಲ್ಲಿ ಅಮೆರಿಕ ದೇಶದ ಬ್ಯಾಂಕುಗಳಿಗೆ ಚೆಕ್ಕುಗಳ ಪ್ರವಾಹವೇ ಬರತೊಡಗಿತು. ಗುಮಾಸ್ತರು ಒಂದೊಂದು ಚೆಕ್ಕನ್ನೂ ಕೈಯಿಂದ ವಿಂಗಡಿಸಿ ಲೆಕ್ಕ ಬರೆದು ಮುಗಿಸುವುದು ಅಸಾಧ್ಯವಾಯಿತು. ಬ್ಯಾಂಕ್ ಆಫ್ ಅಮೆರಿಕ ಎಂಬ ಬ್ಯಾಂಕು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯನ್ನು ಇದಕ್ಕೊಂದು ಉಪಾಯ ಹುಡುಕುವಂತೆ ಕೇಳಿತು. ಅಯಸ್ಕಾಂತದ ಗುಣವುಳ್ಳ ಶಾಯಿಯಲ್ಲಿ ಅಂಕೆಗಳನ್ನು ಅಚ್ಚು ಮಾಡಿ, ಅವನ್ನು ಯಂತ್ರದಿಂದ ಓದಿಸುವ ಕ್ರಮ ಅಲ್ಲಿ ರೂಪುಗೊಂಡಿತು. 1958ರಲ್ಲಿ ಅಮೆರಿಕದ ಬ್ಯಾಂಕುಗಳ ಸಂಘವು ಅದಕ್ಕಾಗಿ ಒಂದೇ ಮಾದರಿಯ ಅಂಕೆಗಳನ್ನು ಸ್ವೀಕರಿಸಿತು. ಆ ಮಾದರಿಯ ಹೆಸರು ಇ-13ಬಿ. ನಮ್ಮ ದೇಶದಲ್ಲಿ ರಿಜರ್ವ್ ಬ್ಯಾಂಕು 1980ರ ದಶಕದಲ್ಲಿ ದೊಡ್ಡ ನಗರಗಳಿಂದ ಆರಂಭಿಸಿ ಇದೇ ಮಾದರಿಯನ್ನು ತಂದಿತು. ಇದಕ್ಕೆ ಎಂ.ಐ.ಸಿ.ಆರ್. ಎಂದು ಹೆಸರು. ಬ್ಯಾಂಕಿನಲ್ಲಿ ‘ಮೈಕರ್ ಕೋಡು’ ಎಂದು ಹೇಳುವುದು ಇದನ್ನೇ.

2. ಯಂತ್ರ ಓದುವ ಬಗೆ

ಈ ಅಂಕೆಗಳ ಶಾಯಿಯಲ್ಲಿ ಕಬ್ಬಿಣದ ಆಕ್ಸೈಡು ಸೇರಿದೆ. ಚೆಕ್ಕು ಯಂತ್ರದೊಳಗೆ ಓಡುವಾಗ ಮೊದಲು ಆ ಶಾಯಿಯನ್ನು ಅಯಸ್ಕಾಂತವಾಗಿ ಮಾಡಲಾಗುತ್ತದೆ. ಆಮೇಲೆ ಅದು ಒಂದು ಓದುವ ತಲೆಯ ಮುಂದೆ ಹಾಯುತ್ತದೆ. ಒಂದೊಂದು ಅಂಕೆಯಲ್ಲೂ ಶಾಯಿ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಬೇರೆ ಬೇರೆ. ಆದ್ದರಿಂದ ಒಂದೊಂದು ಅಂಕೆಯೂ ಬೇರೆ ಬೇರೆ ಅಲೆಯನ್ನು ಎಬ್ಬಿಸುತ್ತದೆ. ಆ ಅಲೆಯಿಂದ ಯಂತ್ರವು ಇದು 3, ಇದು 8 ಎಂದು ಗುರುತಿಸುತ್ತದೆ. ಈ ಅಂಕೆಗಳ ಆಕಾರ ವಿಚಿತ್ರವಾಗಿರುವುದಕ್ಕೆ ಇದೇ ಕಾರಣ. ಅಂದಕ್ಕಾಗಿ ಹಾಗೆ ಮಾಡಿದ್ದಲ್ಲ.

ಅಂಕೆಗಳ ಅಂತರವೂ ಕಟ್ಟುನಿಟ್ಟಾದದ್ದು. ಒಂದು ಅಂಗುಲಕ್ಕೆ ಎಂಟು ಅಂಕೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಕೂರಿಗೆಯಿಂದ ಬಿತ್ತಿದ ರಾಗಿಯ ಸಾಲನ್ನು ನೆನೆಯಿರಿ. ಸಾಲು ಒಂದೇ ಅಳತೆಯಲ್ಲಿದ್ದರೆ ಎಡೆಕುಂಟೆ ಸಲೀಸಾಗಿ ಹೋಗುತ್ತದೆ. ಸಾಲು ಓರೆಯಾದರೆ ಕುಂಟೆ ಪೈರನ್ನೇ ಕೀಳುತ್ತದೆ. ಇಲ್ಲಿಯೂ ಹಾಗೆಯೇ: ಸಾಲು ಓರೆಯಾದರೆ, ಅಂತರ ಕೆಟ್ಟರೆ, ಯಂತ್ರ ತಪ್ಪು ಓದುತ್ತದೆ, ಅಥವಾ ಓದದೆ ಬಿಡುತ್ತದೆ.

ಹತ್ತು ಅಂಕೆಗಳಲ್ಲದೆ ಈ ಮಾದರಿಯಲ್ಲಿ ನಾಲ್ಕು ಗುರುತುಗಳೂ ಇವೆ. ಅವು ಸಣ್ಣ ಗೀಟು, ಚೌಕಗಳಂತೆ ಕಾಣುತ್ತವೆ. ಒಂದು ಭಾಗ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಯಂತ್ರಕ್ಕೆ ತಿಳಿಸಲು ಅವು ಹೊಲದ ಬದುಗಳಿದ್ದಂತೆ.

3. ಸಾಲನ್ನು ಓದುವುದು

ಪಹಣಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತೇವಲ್ಲವೆ? ಚೆಕ್ಕಿನ ಸಾಲಿನಲ್ಲಿಯೂ ಅಂಥದೇ ಕ್ರಮವಿದೆ. ಪಾಠಕ್ಕಾಗಿ ಒಂದು ಸಾಲನ್ನು ಕಲ್ಪಿಸಿಕೊಳ್ಳೋಣ. ನಡುವಿನ ಗುರುತುಗಳನ್ನು ಬಿಟ್ಟರೆ ಅದು ಹೀಗಿರುತ್ತದೆ:

004217 570015000 001234 31

ಎಡದಿಂದ ಓದಿರಿ.

ಮೊದಲನೆಯ ಭಾಗ, 6 ಅಂಕೆ: ಇದು ಚೆಕ್ಕಿನ ನಂಬರು. ಇಲ್ಲಿ 004217. ಒಂದೊಂದು ಹಾಳೆಗೂ ಇದು ಬೇರೆ.

ಎರಡನೆಯ ಭಾಗ, 9 ಅಂಕೆ: ಇದು ಬ್ಯಾಂಕಿನ ವಿಳಾಸ. ಇದನ್ನು ಮೂರು ಮೂರಾಗಿ ಒಡೆಯಬೇಕು. ಮೊದಲ ಮೂರು ಊರನ್ನು ಸೂಚಿಸುತ್ತವೆ. ಇವು ಬಹುಮಟ್ಟಿಗೆ ಆ ಊರಿನ ಅಂಚೆ ಪಿನ್ ಕೋಡಿನ ಮೊದಲ ಮೂರು ಅಂಕೆಗಳೇ. ಬೆಂಗಳೂರಿಗೆ 560, ಮೈಸೂರಿಗೆ 570, ಮಂಗಳೂರಿಗೆ 575, ಹುಬ್ಬಳ್ಳಿಗೆ 580, ಬೆಳಗಾವಿಗೆ 590. ನಡುವಿನ ಮೂರು ಬ್ಯಾಂಕನ್ನು ಸೂಚಿಸುತ್ತವೆ. ಸ್ಟೇಟ್ ಬ್ಯಾಂಕಿಗೆ 002, ಕೆನರಾ ಬ್ಯಾಂಕಿಗೆ 015, ಕರ್ನಾಟಕ ಬ್ಯಾಂಕಿಗೆ 052. ಕೊನೆಯ ಮೂರು ಶಾಖೆಯನ್ನು ಸೂಚಿಸುತ್ತವೆ. ನಮ್ಮ ಕಲ್ಪಿತ ಸಾಲಿನಲ್ಲಿ 570 ಎಂದರೆ ಮೈಸೂರು, 015 ಎಂದರೆ ಕೆನರಾ ಬ್ಯಾಂಕು. ಶಾಖೆಯ ಜಾಗದಲ್ಲಿ ಪಾಠಕ್ಕಾಗಿ ಸೊನ್ನೆ ಇಟ್ಟಿದ್ದೇವೆ. ನಿಮ್ಮ ಚೆಕ್ಕಿನಲ್ಲಿ ನಿಮ್ಮ ಶಾಖೆಯ ಅಂಕೆ ಇರುತ್ತದೆ.

ಮೂರನೆಯ ಭಾಗ, 6 ಅಂಕೆ: ಇದು ಖಾತೆಗೆ ಸಂಬಂಧಿಸಿದ ಬ್ಯಾಂಕಿನ ಒಳ ಗುರುತು. ಇದು ನಿಮ್ಮ ಪೂರ್ತಿ ಖಾತೆ ನಂಬರಲ್ಲ. ಪೂರ್ತಿ ನಂಬರು ಚೆಕ್ಕಿನ ಮೈಮೇಲೆ ಬೇರೆಯಾಗಿ ಅಚ್ಚಾಗಿರುತ್ತದೆ.

ನಾಲ್ಕನೆಯ ಭಾಗ, 2 ಅಂಕೆ: ಇದು ಖಾತೆಯ ಜಾತಿ. 10 ಎಂದರೆ ಉಳಿತಾಯ ಖಾತೆ, 11 ಎಂದರೆ ಚಾಲ್ತಿ ಖಾತೆ, 13 ಎಂದರೆ ಕ್ಯಾಷ್ ಕ್ರೆಡಿಟ್ ಖಾತೆ. ಆ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಸಮಬೆಲೆಗೆ ನಡೆಯುವ ಚೆಕ್ಕಾದರೆ ಉಳಿತಾಯಕ್ಕೆ 31, ಚಾಲ್ತಿಗೆ 29.

ಚೆಕ್ಕಿನ ಮೇಲೆ ಐ.ಎಫ್.ಎಸ್.ಸಿ. ಎಂಬ ಇನ್ನೊಂದು ಗುರುತೂ ಇದೆ. ಅದು 11 ಅಕ್ಷರದ್ದು: ಮೊದಲ ನಾಲ್ಕು ಬ್ಯಾಂಕಿನ ಹೆಸರು, ಐದನೆಯದು ಸೊನ್ನೆ, ಉಳಿದ ಆರು ಶಾಖೆ. ಖಾತೆಯಿಂದ ಖಾತೆಗೆ ಹಣ ಕಳಿಸಲು ಅದು ಬೇಕು. ಚೆಕ್ಕು ವಿಂಗಡಿಸಲು ಬೇಕಾದದ್ದು ಅಡಿಯ 9 ಅಂಕೆ. ಅರ್ಜಿಯಲ್ಲಿ ಎರಡಕ್ಕೂ ಬೇರೆ ಬೇರೆ ಜಾಗವಿರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬೇಡಿ.

4. ಈಗ ಚೆಕ್ಕು ಪಯಣ ಮಾಡುವುದಿಲ್ಲ

ಹಿಂದೆ ನೀವು ಕಟ್ಟಿದ ಚೆಕ್ಕು ಕಾಗದವಾಗಿಯೇ ಊರಿಂದೂರಿಗೆ ಹೋಗುತ್ತಿತ್ತು. ಈಗ ಹಾಗಿಲ್ಲ. 2008ರಲ್ಲಿ ದೆಹಲಿಯಲ್ಲಿ ಪ್ರಯೋಗವಾಗಿ ಆರಂಭವಾದ ಹೊಸ ಕ್ರಮದಲ್ಲಿ ಚೆಕ್ಕು ನೀವು ಕಟ್ಟಿದ ಬ್ಯಾಂಕಿನಲ್ಲಿಯೇ ನಿಲ್ಲುತ್ತದೆ. ಅದರ ಚಿತ್ರಗಳೂ ಅಡಿಯ ಸಾಲಿನ ಅಂಕೆಗಳೂ ಮಾತ್ರ ತಂತಿಯ ಮೂಲಕ ಹಣ ಕೊಡಬೇಕಾದ ಬ್ಯಾಂಕಿಗೆ ಹೋಗುತ್ತವೆ. ಇದಕ್ಕೆ ಸಿ.ಟಿ.ಎಸ್. ಎಂದು ಹೆಸರು. ಇದಕ್ಕಾಗಿ ಚೆಕ್ಕಿನ ಕಾಗದಕ್ಕೂ ಒಂದು ಮಾದರಿ ಗೊತ್ತಾಯಿತು, ಅದು ಸಿ.ಟಿ.ಎಸ್. 2010. ಈ ಮಾದರಿಯಲ್ಲದ ಹಳೆಯ ಚೆಕ್ಕುಗಳ ಚಲಾವಣೆ 2018ರ ಡಿಸೆಂಬರ್ ಕೊನೆಗೆ ನಿಂತಿತು. ನಿಮ್ಮ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿ, ಕಾಗದದೊಳಗೆ ‘ಸಿ.ಟಿ.ಎಸ್. ಇಂಡಿಯಾ’ ಎಂಬ ನೀರ್ಗುರುತು ಇಂಗ್ಲಿಷ್ ಅಕ್ಷರಗಳಲ್ಲಿ ಕಾಣಬೇಕು.

2025ರ ಅಕ್ಟೋಬರ್ 4ರಿಂದ ಈ ಕೆಲಸ ಇನ್ನೂ ಚುರುಕಾಗಿದೆ. ಅದಕ್ಕೆ ಮುಂಚೆ ಚೆಕ್ಕುಗಳನ್ನು ಕಟ್ಟುಕಟ್ಟಾಗಿ ಕಳಿಸುತ್ತಿದ್ದರು; ಹಣ ಬರಲು ಮರುದಿನ ಅಥವಾ ಅದರ ಮರುದಿನವಾಗುತ್ತಿತ್ತು. ಆ ದಿನದಿಂದ ಚಿತ್ರ ತೆಗೆದ ಹಾಗೆಯೇ ಹಗಲೆಲ್ಲ ಕಳಿಸುತ್ತಾ ಹೋಗುವ ಕ್ರಮ ಬಂತು.

ಇಷ್ಟು ವೇಗ ಬಂದಮೇಲೆ ನಮ್ಮ ಜವಾಬ್ದಾರಿ ಹೆಚ್ಚಿತು. ದೂರದಲ್ಲಿ ಕುಳಿತು ಹಣ ಮಂಜೂರು ಮಾಡುವವರ ಕೈಯಲ್ಲಿ ನಿಮ್ಮ ಕಾಗದವಿಲ್ಲ. ಬರೀ ಚಿತ್ರವಿದೆ, ಅಂಕೆಗಳಿವೆ. ಚಿತ್ರ ಮಸುಕಾದರೆ, ಅಂಕೆ ಕೆಟ್ಟರೆ, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಲು ಅವರಿಗೆ ಅವಕಾಶವಿಲ್ಲ.

5. ಅಡಿಯ ಪಟ್ಟಿಯನ್ನು ಕಾಪಾಡುವುದು

ಚೆಕ್ಕಿನ ಕೆಳ ಅಂಚಿನಿಂದ ಮೇಲಕ್ಕೆ ಸುಮಾರು 16 ಮಿಲಿಮೀಟರ್, ಎಂದರೆ ಅರ್ಧ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, ಯಂತ್ರದ ಪಟ್ಟಿ. ಕಾಲುವೆಯ ದಂಡೆಯನ್ನು ಉಳುವುದಿಲ್ಲವಷ್ಟೆ? ಈ ಪಟ್ಟಿಯನ್ನೂ ಹಾಗೆಯೇ ಬಿಡಬೇಕು.

ಕೆಲವರು ಕೇಳುವುದುಂಟು: “ಯಂತ್ರ ಅಯಸ್ಕಾಂತದಿಂದ ಓದುವುದಾದರೆ ಪೆನ್ನಿನ ಗೀಟು ಬಿದ್ದರೇನು?” ಈ ಪ್ರಶ್ನೆ ಸರಿಯಾದದ್ದೇ. ಸಾಮಾನ್ಯ ಪೆನ್ನಿನ ಶಾಯಿಗೂ ಮೊಹರಿನ ಶಾಯಿಗೂ ಅಯಸ್ಕಾಂತದ ಗುಣವಿಲ್ಲ. ಈ ಕ್ರಮವನ್ನು ಮೊದಲು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ. ಆದರೆ ಈಗ ಯಂತ್ರಗಳು ಚಿತ್ರವನ್ನೂ ತೆಗೆಯುತ್ತವೆ. ಚಿತ್ರದಲ್ಲಿ ಗೀಟು ಅಂಕೆಯನ್ನು ಮುಚ್ಚುತ್ತದೆ. ಅದಲ್ಲದೆ ಕೆಲವು ಕಂಪ್ಯೂಟರ್ ಮುದ್ರಣ ಯಂತ್ರಗಳ ಪುಡಿಶಾಯಿಯಲ್ಲಿ ಅಯಸ್ಕಾಂತದ ಗುಣವಿರುತ್ತದೆ. ಅದು ಈ ಪಟ್ಟಿಯ ಮೇಲೆ ಬಿದ್ದರೆ ಎರಡು ಬೆಳೆ ಒಂದೇ ಸಾಲಿನಲ್ಲಿ ಬಿತ್ತಿದಂತಾಗುತ್ತದೆ.

ಆದ್ದರಿಂದ ನೆನಪಿಡತಕ್ಕ ನಿಯಮಗಳು:

ಒಂದು: ಪಟ್ಟಿಯ ಮೇಲೆ ಬರೆಯಬೇಡಿ, ರುಜು ಇಳಿಯಗೊಡಬೇಡಿ, ಮೊಹರು ಒತ್ತಬೇಡಿ. ‘ಇದರ ಮೇಲ್ಗಡೆ ರುಜು ಮಾಡಿ’ ಎಂಬ ಅರ್ಥದ ಸೂಚನೆ ಚೆಕ್ಕಿನಲ್ಲೇ ಇದೆ. ಹೆಬ್ಬೆಟ್ಟು ಒತ್ತುವವರೂ ಈ ಗೆರೆಯನ್ನು ದಾಟಬಾರದು.

ಎರಡು: ಪಟ್ಟಿಯನ್ನು ಮಡಿಸಬೇಡಿ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ಚುಚ್ಚಬೇಡಿ. ಮಡಿಕೆ ಬಿದ್ದ ಕಡೆ ಕಾಗದ ಎದ್ದು ನಿಂತು ಓದುವ ತಲೆಗೆ ಸರಿಯಾಗಿ ತಾಗುವುದಿಲ್ಲ. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿ ಇಡುವ ಬದಲು ಪಾಸು ಪುಸ್ತಕದ ನಡುವೆ ಚಪ್ಪಟೆಯಾಗಿಡಿ.

ಮೂರು: ನೀರು, ಎಣ್ಣೆ, ಬೆವರು ತಾಗದಿರಲಿ. ಹರಿದರೆ ಅಂಟು ಹಚ್ಚಿ ಬ್ಯಾಂಕಿಗೆ ಒಯ್ಯಬೇಡಿ. ಕೊಟ್ಟವರಿಂದ ಬೇರೆ ಚೆಕ್ಕು ಪಡೆಯಿರಿ.

ನಾಲ್ಕು: ಅಳಿಸದ ಕಪ್ಪು ಅಥವಾ ನೀಲಿ ಶಾಯಿಯಲ್ಲಿ ಬರೆಯಿರಿ. ಹೆಸರು, ಮೊತ್ತ, ತಾರೀಖು, ರುಜು ಇವುಗಳ ಮೇಲೆಯೂ ಮೊಹರು ಬೀಳಬಾರದು. ಕನ್ನಡದಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ. ಹಿಂದಿ, ಇಂಗ್ಲಿಷ್ ಅಥವಾ ಆ ಪ್ರಾಂತದ ಭಾಷೆ, ಯಾವುದರಲ್ಲಾದರೂ ಚೆಕ್ಕು ಬರೆಯಬಹುದೆಂದು ರಿಜರ್ವ್ ಬ್ಯಾಂಕಿನ ಸೂಚನೆಯೇ ಇದೆ.

ಐದು: ತಿದ್ದಬೇಡಿ. ಹೆಸರನ್ನೋ ಮೊತ್ತವನ್ನೋ ಹೊಡೆದುಹಾಕಿ ಪಕ್ಕದಲ್ಲಿ ರುಜು ಮಾಡುವ ಹಳೆಯ ಪದ್ಧತಿ ಸಿ.ಟಿ.ಎಸ್.ನಲ್ಲಿ ನಡೆಯುವುದಿಲ್ಲ. ತಪ್ಪಾದರೆ ಹೊಸ ಹಾಳೆಯನ್ನೇ ತೆಗೆಯಿರಿ.

6. ಸಂಘದ ಕಾರ್ಯದರ್ಶಿಗಳಿಗೆ ಕೆಲವು ಮಾತು

ಈಚೆಗೆ ಸಂಘಗಳಲ್ಲಿ ಸಂಬಳದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತಯಾರಿಸಿ, ಚೆಕ್ಕುಗಳನ್ನೂ ಅದರಲ್ಲಿಯೇ ಅಚ್ಚು ಹಾಕುವುದು ಬಳಕೆಗೆ ಬಂದಿದೆ. ಕೈಬರಹಕ್ಕಿಂತ ಇದು ಚೊಕ್ಕಟ. ಆದರೆ ಅಚ್ಚು ಮಾಡಬೇಕಾದದ್ದು ಯಾವುದು, ಮಾಡಬಾರದ್ದು ಯಾವುದು ಎಂಬುದು ಗೊತ್ತಿರಬೇಕು.

ಅಮೆರಿಕದಲ್ಲಿ ಕಾರ್ಖಾನೆಗಳೇ ಖಾಲಿ ಚೆಕ್ಕು ಕಾಗದದ ಮೇಲೆ ಅಡಿಯ ಸಾಲನ್ನೂ ಸೇರಿಸಿ ಸಂಬಳದ ಚೆಕ್ಕನ್ನು ಅಚ್ಚು ಮಾಡಿಕೊಳ್ಳುವುದುಂಟು. ಅದಕ್ಕೆ ಇ-13ಬಿ ಅಚ್ಚುಮೊಳೆ ಬೇಕು, ಅಯಸ್ಕಾಂತದ ಪುಡಿಶಾಯಿ ಬೇಕು, ಸಾಲು ಕೂದಲೆಳೆಯಷ್ಟೂ ಜರುಗದೆ ಕೂರಬೇಕು. ಸಾಮಾನ್ಯ ಶಾಯಿಯಲ್ಲಿ ಮಾಡಿದರೆ ಕಣ್ಣಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಅಯಸ್ಕಾಂತದ ಯಂತ್ರಕ್ಕೆ ಮಾತ್ರ ಅದು ಖಾಲಿ ಕಾಗದ. ನಮ್ಮಲ್ಲಿ ಈ ಸಾಲನ್ನು ಬ್ಯಾಂಕೇ ಭದ್ರತೆಯುಳ್ಳ ಮುದ್ರಣಾಲಯದಲ್ಲಿ ಅಚ್ಚು ಮಾಡಿಸಿ ಚೆಕ್ಕು ಪುಸ್ತಕ ಕೊಡುತ್ತದೆ. ಸಂಘವು ಅದರ ಮೇಲೆ ತಾರೀಖು, ಹೆಸರು, ಅಕ್ಷರದಲ್ಲಿ ಮೊತ್ತ, ಅಂಕೆಯಲ್ಲಿ ಮೊತ್ತ ಇಷ್ಟನ್ನೇ ಅಚ್ಚು ಮಾಡತಕ್ಕದ್ದು.

ಮೊದಲ ಕೆಲಸ: ಚೆಕ್ಕಿನ ಅಳತೆಗೇ ಕತ್ತರಿಸಿದ ಬಿಳಿ ಕಾಗದದ ಮೇಲೆ ಒಮ್ಮೆ ಅಚ್ಚು ಹಾಕಿ. ಅದನ್ನು ನಿಜವಾದ ಚೆಕ್ಕಿನ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹೆಸರು ಹೆಸರಿನ ಗೆರೆಯ ಮೇಲೆ, ಮೊತ್ತ ಚೌಕದೊಳಗೆ ಕೂತಿದೆಯೆ? ಅಡಿಯ ಪಟ್ಟಿಯಲ್ಲಿ ಒಂದು ಚುಕ್ಕಿಯೂ ಇಲ್ಲವೆ? ಹಾಗಿದ್ದರೆ ಮಾತ್ರ ನಿಜವಾದ ಹಾಳೆ ಹಾಕಿ.

ಎರಡನೆಯ ಕೆಲಸ: ಪ್ರತಿ ಹಾಳೆಯಲ್ಲೂ ಅಡಿಯ ಸಾಲಿನ ಮೊದಲ 6 ಅಂಕೆಯನ್ನು ಪುಸ್ತಕದಲ್ಲಿ ಬರೆದ ನಂಬರಿನೊಂದಿಗೆ ತಾಳೆ ನೋಡಿ. ಇದು ಎಷ್ಟು ಮುಖ್ಯವೆಂಬುದಕ್ಕೆ ಒಂದು ಲೆಕ್ಕ ಮಾಡೋಣ.

ಒಂದು ಸಂಘದಲ್ಲಿ 40 ಜನ ಕೂಲಿಗಾರರೆಂದು ಎಣಿಸಿ. ಚೆಕ್ಕಿನ ನಂಬರು 101ರಿಂದ ಶುರು. ಕಂಪ್ಯೂಟರು ಒಂದನೆಯವರಿಗೆ 101, ನಲವತ್ತನೆಯವರಿಗೆ 140 ಎಂದು ತಾನಾಗಿಯೇ ಬರೆದುಕೊಳ್ಳುತ್ತದೆ. ನಡುವೆ 118ನೆಯ ಹಾಳೆ ಯಂತ್ರಕ್ಕೆ ಸಿಕ್ಕಿ ಹರಿಯಿತು. ಅಚ್ಚು ಹಾಕುವವನು ಅದನ್ನು ಎಸೆದು, ಹದಿನೆಂಟನೆಯವರ ಚೆಕ್ಕನ್ನು ಮುಂದಿನ ಹಾಳೆಯಲ್ಲಿ ಅಚ್ಚು ಮಾಡಿದ. ಈಗ ಹದಿನೆಂಟನೆಯವರ ಕೈಯಲ್ಲಿರುವುದು 119, ಪುಸ್ತಕದಲ್ಲಿರುವುದು 118. ಅಲ್ಲಿಂದ ಕೊನೆಯವರೆಗೆ 23 ಜನರ ನಂಬರೂ ಒಂದೊಂದು ತಪ್ಪು.

ಎರಡು ದಿನದ ಮೇಲೆ ಮೂವತ್ತನೆಯವರು ಚೆಕ್ಕು ಕಳೆದುಕೊಂಡರೆನ್ನಿ. ಕಾರ್ಯದರ್ಶಿ ಪುಸ್ತಕ ನೋಡಿ ‘130ನೆಯ ಚೆಕ್ಕಿಗೆ ಹಣ ಕೊಡಬೇಡಿ’ ಎಂದು ಬ್ಯಾಂಕಿಗೆ ಬರೆಯುತ್ತಾರೆ. ಆದರೆ 130 ನಿಜವಾಗಿ ಇಪ್ಪತ್ತೊಂಬತ್ತನೆಯವರ ಕೈಯಲ್ಲಿದೆ. ಏನೂ ತಪ್ಪು ಮಾಡದ ಆ ಮನುಷ್ಯನ ಕೂಲಿ ನಿಂತುಹೋಗುತ್ತದೆ. ಕಳೆದುಹೋದ 131 ಮಾತ್ರ ಜೀವಂತವಾಗಿ ಯಾರ ಕೈಗೋ ಸಿಕ್ಕುತ್ತದೆ! ಒಂದು ಹರಿದ ಹಾಳೆಯನ್ನು ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದರ ಫಲವಿದು.

ಆದ್ದರಿಂದ ಕೆಟ್ಟ ಹಾಳೆಯನ್ನು ಎಸೆಯಬಾರದು. ಅದರ ಮೇಲೆ ‘ರದ್ದು’ ಎಂದು ಬರೆದು, ನಂಬರು ಕಾಣುವಂತೆ ಕಡತದಲ್ಲಿಡಬೇಕು. ಪುಸ್ತಕದಲ್ಲೂ ರದ್ದು ಎಂದು ಬರೆಯಬೇಕು. ಎಲ್ಲ ಮುಗಿದ ಮೇಲೆ ಕೊನೆಯ ಚೆಕ್ಕಿನ ನಂಬರು ಪುಸ್ತಕಕ್ಕೆ ತಾಳೆಯಾಗುವುದೇ ಎಂದು ಇಬ್ಬರು ಕೂಡಿ ನೋಡಬೇಕು. ಐದು ನಿಮಿಷದ ಕೆಲಸ.

ಮೂರನೆಯ ಕೆಲಸ: ದೊಡ್ಡ ಮೊತ್ತದ ಚೆಕ್ಕಾದರೆ ಬ್ಯಾಂಕಿಗೆ ಮುಂಚೆಯೇ ತಿಳಿಸಿ. 2021ರ ಜನವರಿ 1ರಿಂದ ‘ಪಾಸಿಟಿವ್ ಪೇ’ ಎಂಬ ಕ್ರಮವಿದೆ. 50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್ಕಿನ ನಂಬರು, ತಾರೀಖು, ಹೆಸರು, ಮೊತ್ತಗಳನ್ನು ಕೊಟ್ಟವರು ಬ್ಯಾಂಕಿಗೆ ಮೊದಲೇ ತಿಳಿಸಬಹುದು. ಚೆಕ್ಕು ಬಂದಾಗ ಬ್ಯಾಂಕು ಎರಡನ್ನೂ ತಾಳೆ ನೋಡುತ್ತದೆ. 5 ಲಕ್ಷ ಮತ್ತು ಮೇಲ್ಪಟ್ಟದ್ದಕ್ಕೆ ಇದನ್ನು ಕಡ್ಡಾಯ ಮಾಡಲು ಬ್ಯಾಂಕುಗಳಿಗೆ ಅವಕಾಶವಿದೆ. ಇಲ್ಲಿಯೂ ನಂಬರು ತಪ್ಪಿದರೆ ತಾಳೆಯಾಗುವುದಿಲ್ಲ.

7. ಹಳೆಯ ಚೆಕ್ಕು ಪುಸ್ತಕ ಪೆಟ್ಟಿಗೆಯಲ್ಲಿದೆಯೆ?

ನಮ್ಮ ನಾಡಿನ ಹಲವು ಬ್ಯಾಂಕುಗಳು ಈಚಿನ ವರ್ಷಗಳಲ್ಲಿ ಬೇರೆ ಬ್ಯಾಂಕುಗಳೊಡನೆ ಸೇರಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 2025ರ ಮೇ 1ರಿಂದ ನಮ್ಮ ಎರಡು ಗ್ರಾಮೀಣ ಬ್ಯಾಂಕುಗಳೂ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕು ಆಗಿವೆ.

ಬ್ಯಾಂಕು ಸೇರಿದಾಗ ಖಾತೆಯ ಹಣಕ್ಕೆ ಏನೂ ಆಗುವುದಿಲ್ಲ. ಆದರೆ ಚೆಕ್ಕಿನ ಮೇಲಿನ ಗುರುತುಗಳು ಹಳತಾಗುತ್ತವೆ. ಸ್ವಲ್ಪ ಕಾಲದ ಮೇಲೆ ಹಳೆಯ ಹಾಳೆಗಳು ನಡೆಯುವುದಿಲ್ಲ. ಸಿಂಡಿಕೇಟ್ ಬ್ಯಾಂಕಿನ ಚೆಕ್ಕುಗಳಿಗೆ 2021ರ ಜೂನ್ 30 ಕೊನೆಯ ದಿನವಾಗಿತ್ತು. ಪೆಟ್ಟಿಗೆಯಲ್ಲಿ ಹಳೆಯ ಹೆಸರಿನ ಪುಸ್ತಕವಿದ್ದರೆ ಅದನ್ನು ಶಾಖೆಗೆ ಒಯ್ದು ಒಪ್ಪಿಸಿ, ಹೊಸದನ್ನು ಪಡೆಯಿರಿ. ಯಾರಾದರೂ ನಿಮಗೆ ಅಂಥ ಹಾಳೆಯಲ್ಲಿ ಚೆಕ್ಕು ಬರೆದುಕೊಟ್ಟರೆ ರಾಸನ್ನು ಕೊಟ್ಟುಬಿಡುವ ಮೊದಲು ಶಾಖೆಯಲ್ಲಿ ವಿಚಾರಿಸಿ.

ಚೆಕ್ಕಿಗೆ ಆಯುಸ್ಸೂ ಇದೆ. 2012ರ ಏಪ್ರಿಲ್ 1ರಿಂದ ಅದು ಬರೆದ ತಾರೀಖಿನಿಂದ 3 ತಿಂಗಳು ಮಾತ್ರ. ಸುಗ್ಗಿಯಲ್ಲಿ ಬಂದ ಚೆಕ್ಕನ್ನು ಯುಗಾದಿ ಕಳೆದ ಮೇಲೆ ಕಟ್ಟೋಣವೆಂದು ಇಟ್ಟುಕೊಳ್ಳಬೇಡಿ.

8. ಚೆಕ್ಕು ಹಿಂದಕ್ಕೆ ಬಂದರೆ

ಗಾಬರಿಯಾಗಬೇಡಿ, ಕೊಟ್ಟವರೊಡನೆ ಜಗಳಕ್ಕೂ ನಿಲ್ಲಬೇಡಿ. ಹಿಂದಕ್ಕೆ ಬಂದ ಚೆಕ್ಕಿನೊಡನೆ ಬ್ಯಾಂಕು ಕಾರಣ ಬರೆದ ಚೀಟಿ ಕೊಡುತ್ತದೆ. ಅದನ್ನು ಕೇಳಿ ಪಡೆಯಿರಿ, ಓದಿಸಿ ತಿಳಿಯಿರಿ. ಕಾಗದ ಕೆಟ್ಟಿದೆ, ರುಜು ತಾಳೆಯಿಲ್ಲ, ತಿದ್ದುಪಡಿ ಇದೆ ಎಂದಿದ್ದರೆ ಹೊಸ ಚೆಕ್ಕು ಪಡೆದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಖಾತೆಯಲ್ಲಿ ಹಣವಿಲ್ಲವೆಂದಿದ್ದರೆ ಅದು ಬೇರೆ ವಿಷಯ; ಅದಕ್ಕೆ 1881ರ ಕಾಯಿದೆಯ 138ನೆಯ ಕಲಮಿನಲ್ಲಿ ಶಿಕ್ಷೆಯಿದೆ. ಆಗ ಚೀಟಿ ಬಂದ 30 ದಿನದೊಳಗೆ ಲಿಖಿತ ನೋಟೀಸು ಕೊಡಬೇಕು. ಚೀಟಿಯನ್ನು ಕಳೆದುಕೊಂಡವರು ಈ ಹಕ್ಕನ್ನೂ ಕಳೆದುಕೊಂಡಾರು.

ಕೊನೆಯದಾಗಿ ಒಂದು ಎಚ್ಚರಿಕೆ. ಖಾಲಿ ಚೆಕ್ಕಿಗೆ ರುಜು ಮಾಡಿ ಯಾರಿಗೂ ಕೊಡಬೇಡಿ. ಅರ್ಜಿಯೊಡನೆ ರದ್ದಾದ ಚೆಕ್ಕು ಕೇಳಿದರೆ ಅಡ್ಡಲಾಗಿ ಎರಡು ಗೀಟೆಳೆದು ‘ರದ್ದು’ ಎಂದು ಬರೆದುಕೊಡಿ, ರುಜು ಬೇಡ. ಗೀಟು ಅಡಿಯ ಅಂಕೆಗಳನ್ನು ಮುಚ್ಚದಿರಲಿ, ಏಕೆಂದರೆ ಅವರಿಗೆ ಬೇಕಾದದ್ದು ಆ ಅಂಕೆಗಳೇ.

ಅಭ್ಯಾಸ

ಯುವಕ ಸಂಘದಲ್ಲಿಯೂ ಮಹಿಳಾ ಸಂಘದಲ್ಲಿಯೂ ಈ ಪ್ರಶ್ನೆಗಳನ್ನು ಕೇಳಿ ಚರ್ಚಿಸಿರಿ.

(1) ನಿಮ್ಮ ಚೆಕ್ಕಿನ 9 ಅಂಕೆಗಳನ್ನು ಮೂರು ಭಾಗ ಮಾಡಿ. ಮೊದಲ ಮೂರು ನಿಮ್ಮ ಊರಿನ ಅಂಚೆ ಪಿನ್ ಕೋಡಿಗೆ ಹೊಂದುತ್ತವೆಯೆ?
(2) ನಿಮ್ಮ ಚೆಕ್ಕಿನ ಕೊನೆಯ ಎರಡು ಅಂಕೆ ಯಾವುದು? ಅದು ಯಾವ ಬಗೆಯ ಖಾತೆ?
(3) ಮೇಲಿನ ಲೆಕ್ಕದಲ್ಲಿ 118ರ ಬದಲು 125ನೆಯ ಹಾಳೆ ಹರಿದಿದ್ದರೆ ಎಷ್ಟು ಜನರ ನಂಬರು ತಪ್ಪಾಗುತ್ತಿತ್ತು? (ಉತ್ತರ: 16.)
(4) ನಿಮ್ಮ ಮನೆಯಲ್ಲಿ ಹಳೆಯ ಹೆಸರಿನ ಬ್ಯಾಂಕಿನ ಚೆಕ್ಕು ಪುಸ್ತಕವಿದೆಯೆ? ಇಂದೇ ಹುಡುಕಿ ನೋಡಿ.

ಸಂದೇಹವಿದ್ದವರು ಚೆಕ್ಕು ಪುಸ್ತಕದೊಡನೆ ನಿಮ್ಮ ಬ್ಯಾಂಕಿನ ಶಾಖೆಯಲ್ಲಿ ವಿಚಾರಿಸಿ. ನಾನು ನಿಮ್ಮ ಗ್ರಾಮಕ್ಕೆ ಬಂದಾಗಲೂ ಕೇಳಬಹುದು; ಕೂತು ಓದಿ ತೋರಿಸುತ್ತೇನೆ. ಬೆವರು ಸುರಿಸಿ ದುಡಿದವರ ಹಣ ಅಡಿಯ ಒಂದು ಸಾಲು ಕೆಟ್ಟಿತೆಂಬ ಕಾರಣಕ್ಕೆ ದಾರಿಯಲ್ಲಿ ನಿಲ್ಲದಿರಲಿ.

— ಗ್ರಾಮಸೇವಕ